ಕಣ್ಣು ಬಿಟ್ಟು ಕೊಯ್ಯುವುದು

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ, ಬಳೆ ಅಂಗಡಿಯ ಮೇಲೆ,
ಮರದ ಮೆಟ್ಟಿಲು ಹನ್ನೊಂದು. ಏಳನೆಯದು ಅಲ್ಲಾಡುತ್ತದೆ.
ಹತ್ತಿ ಬರುವವರಿಗೆಲ್ಲ ಮೊದಲು ಅದನ್ನು ಕೂಗಿ ಹೇಳುತ್ತೇನೆ,
ಆಮೇಲೆ ರೇಟು.

ಮೌಸು ಹಳೆಯದು. ಅದರಡಿಗೆ ಹಾಸಿದ್ದು
ಯಾವುದೋ ಚುನಾವಣೆಯ ಫ್ಲೆಕ್ಸಿನ ತುಂಡು;
ಅರ್ಧ ಮೀಸೆಯ ಮೇಲೆ ದಿನವಿಡೀ ಓಡಾಡುತ್ತೇನೆ.
ಕಂಬ, ಕಿಟಕಿ, ಕಾರಿನ ಬಾನೆಟ್ಟು, ಬೀರುವಿನ ಅಂಚು
ಇವಕ್ಕೆ ಮೌಸೇ ಸರಿ.
ಒಂದು ಚುಕ್ಕಿ ಇಟ್ಟು, ಉಸಿರು ಬಿಟ್ಟು, ಇನ್ನೊಂದು ಚುಕ್ಕಿ;
ನಡುವಿನ ಗೆರೆಯನ್ನು ಅದೇ ಎಳೆದುಕೊಳ್ಳುತ್ತದೆ.
ರಂಗೋಲಿ ಬಲ್ಲವರಿಗೆ ಹೇಳಿಕೊಡಬೇಕಿಲ್ಲ.

ಆದರೆ ಕೂದಲು?
ಒನಕೆಯಲ್ಲಿ ಕಾಡಿಗೆ ತೀಡಿದ ಹಾಗೆ.

ಲ್ಯಾಪ್‌ಟಾಪಿನ ಟಚ್‌ಪ್ಯಾಡಂತೂ ಬೇಡವೇ ಬೇಡ.
ಬೆರಳು ಬೆವರಿದರೆ ಮದುಮಗನ ಕಿವಿಯೇ ಹೋಗುತ್ತದೆ.
ಹೋಗಿದೆ, ಒಮ್ಮೆ. ಆಲೂರಿನ ಮದುವೆ.
ಪೇಟ ಇಳಿಸಿ ಮುಚ್ಚಿದೆ, ಯಾರಿಗೂ ಗೊತ್ತಾಗಲಿಲ್ಲ.

ಪೆನ್ನು, ಅದರ ಹಲಗೆ, ಎರಡೂ ಸೇರಿ ನಾಲ್ಕು ಸಾವಿರ ಅಂದಾಗ
ಓನರ್ ಧರಣೇಂದ್ರಯ್ಯ ಒಂದು ವಾರ ಮಾತಾಡಲಿಲ್ಲ.
ಎಂಟನೇ ದಿನ ಬೀರುವಿನಿಂದ ಒಂದು ಡಬ್ಬಿ ತೆಗೆದರು:
ಗೇಣಿನಷ್ಟೂ ಉಳಿಯದ ಪೆನ್ಸಿಲ್ಲು, ಅರ್ಧ ಬ್ಲೇಡು, ಉಪ್ಪುಕಾಗದ.
ನೆಗೆಟಿವ್ ತಿದ್ದುತ್ತಿದ್ದ ಕಾಲದ್ದು.
"ಸಿಡುಬಿನ ಕಲೆ ಒಂದೊಂದಕ್ಕೂ ಒಂದೊಂದು ಚುಕ್ಕಿ.
ಮೊನೆ ಸೂಜಿಯಷ್ಟು. ಒತ್ತಿದೆಯೋ, ಕೆಟ್ಟಿತು."
ಡಬ್ಬಿ ಮುಚ್ಚಿ ದುಡ್ಡು ಎಣಿಸಿ ಕೊಟ್ಟರು.

ಮೊದಲ ತಿಂಗಳು ಪೆನ್ನು ನನ್ನ ಮಾತು ಕೇಳಲಿಲ್ಲ.
ಕೈ ಹಲಗೆಯ ಮೇಲೆ, ಕಣ್ಣು ಪರದೆಯ ಮೇಲೆ,
ಕತ್ತಲಲ್ಲಿ ಬೇರೆಯವರ ತಲೆ ಬಾಚಿದಂತೆ.
ಕೈ ನಡುಗಿದರೆ ಗೆರೆಯಲ್ಲಿ ತೋರಿಸಿಬಿಡುತ್ತದೆ;
ಮೌಸು ಅಷ್ಟು ಚಾಡಿಕೋರ ಅಲ್ಲ.
ಮಧ್ಯಾಹ್ನದ ಕಾಫಿ ಬಿಟ್ಟೆ.

ಆಗ ಬಂದಳು ದುದ್ದದ ಜವರಮ್ಮ.
ನಾನು ಕೂಗುವ ಮೊದಲೇ ಏಳನೇ ಮೆಟ್ಟಿಲನ್ನು
ಕಾಲಲ್ಲಿ ಒತ್ತಿ ನೋಡಿ, ದಾಟಿದಳು.
ಸೆರಗಿನಲ್ಲಿ ಸುತ್ತಿದ ಸ್ಕೂಲಿನ ಗ್ರೂಪ್ ಫೋಟೋ, ನಾಲ್ಕನೇ ಕ್ಲಾಸು.
"ಇವಳು ಕೆಂಪಿ, ನನ್ನ ಜೊತೆಗಾತಿ. ಹೋದ್ಲು, ಕಾರ್ತೀಕದಲ್ಲಿ.
ಮಕ್ಕಳ ಹತ್ರ ಒಂದು ಪಟಾನೂ ಇಲ್ಲ.
ಇವಳೊಬ್ಬಳನ್ನ ಬಿಡಿಸ್ಕೊಡವ್ವ, ದೊಡ್ಡದಾಗಿ."

ಒಂಟಿ ಜಡೆ ಭುಜದಿಂದ ಇಳಿದು
ಪಕ್ಕದವಳ ಮುಷ್ಟಿಯೊಳಗೆ ಮುಗಿದಿತ್ತು.
ಎಂಟು ಪಟ್ಟು ಹಿಗ್ಗಿಸಿದೆ. ಜಡೆಯೂ ಇಲ್ಲ, ಬೆರಳೂ ಇಲ್ಲ,
ಬರೀ ಬೂದು ಚೌಕಗಳು,
ಯಾವುದು ಯಾರದೆಂದು ಅವಕ್ಕೇ ತಿಳಿಯದು.

ಮೌಸಿನಲ್ಲಿ ಸುತ್ತಿದೆ, ಜಡೆ ಹಗ್ಗವಾಯಿತು.
ಪೆನ್ನಿನಲ್ಲಿ ಎಳೆ ಎಳೆಯಾಗಿ ಇಳಿದೆ,
ಎಳೆ ಬಂತು, ತುದಿ ಬರಲಿಲ್ಲ.

ಜವರಮ್ಮ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು.
ಮೂವತ್ತು ವರ್ಷ ಬಿತ್ತನೆ ಆಲೂಗೆಡ್ಡೆ ಕೊಯ್ದ ಕೈ,
ಹೆಬ್ಬೆರಳಲ್ಲಿ ಮಾಸದ ಕಪ್ಪು ಗೆರೆ.
"ಕುಡ್ಲಲ್ಲಿ ಆಗಲ್ಲ ಕಣವ್ವ, ಮಚ್ಚಲ್ಲೂ ಆಗಲ್ಲ,
ಸಣ್ಣ ಚಾಕೇ ಬೇಕು. ಬರೀ ಚಾಕಿದ್ರೆ ಏನು ಬಂತು?
ಕಣ್ಣು ಬಿಟ್ಟು ಕೊಯ್ಯಬೇಕು.
ಕಣ್ಣಿಗೆ ಅಂಟಿಸ್ಕಂಡು ಕೊಯ್ದೆ ಅಂದ್ರೆ ಮೊಳೆಯಾಕಿಲ್ಲ,
ಒಂದೀಟು ಗೆಡ್ಡೆ ಅದರ ಜೊತೆಗೇ ಇರ್ಲಿ."

ಹಾಗಾದರೆ ಈ ಮುಷ್ಟಿ?

"ಅದು ನಂದೇ," ಪರದೆಗೆ ಬೆರಳಿಟ್ಟಳು.
"ಬೆಲ್ ಹೊಡೆದ್ರೆ ಬಿಟ್ಟು ಓಡ್ತಾಳೆ ಅಂತ ಹಿಡ್ಕಂಡಿದ್ದೆ."

ಪೆನ್ನು ಕೆಳಗಿಟ್ಟೆ.
ಮಣಿಕಟ್ಟಿನ ಹತ್ತಿರ, ಬಳೆಯ ಅಂಚಿಗೆ,
ಮೌಸಿನಿಂದ ಎರಡೇ ಚುಕ್ಕಿ.

ಪ್ರಿಂಟು ನೋಡಿ ಧರಣೇಂದ್ರಯ್ಯ ಕನ್ನಡಕ ಏರಿಸಿದರು:
"ಕೈ ಉಳಿದುಬಿಟ್ಟಿದೆಯಲ್ಲೇ! ದುಡ್ಡು ಕೊಡ್ತಾಳಾ?"
ಕೊಟ್ಟಳು. ಹತ್ತು ರೂಪಾಯಿ ಚೌಕಾಸಿ ಮಾಡಿಯೇ ಕೊಟ್ಟಳು.

ಪರದೆಯ ಮೇಲಿನ ಬೆರಳ ಗುರುತನ್ನು
ಸಂಜೆ ಒರೆಸಬೇಕಾಯಿತು,
ಬೇಲೂರಿನ ನಾಮಕರಣ ಕಾದಿತ್ತು.
ಮಗುವಿನ ನೆತ್ತಿಯ ಕೂದಲು, ಹಿಂದೆ ಬಿಳಿ ಗೋಡೆ.

ಪೆನ್ನು.